ಕೋಟೆಯ ಕಲ್ಲು ತುಳಿಯದ ಗಿರಿಜತ್ತೆ

ಸಿಟ್ಟು ಬಂದರೆ ಗಿರಿಜತ್ತೆಯ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಎದುರಿನವರು ತಲೆ ಬಾಗಿಸಿ ಕೇಳಬೇಕು, ಅಷ್ಟು ಮೆಲ್ಲಗೆ. ನಮ್ಮ ಸೀಮೆಯನ್ನು ಯಾರಾದರೂ ಹಗುರವಾಗಿ ಆಡಿದರೆ ಸಾಕು, ಆ ದನಿ ಹೊರಬೀಳುತ್ತಿತ್ತು.

ಅವಳು ಅಪ್ಪನ ಅಕ್ಕ. ಹೊಸನಗರ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದಳು. ರವಿಕೆಯ ಅಳತೆ ಕೊಡಲು ಬಂದವರು ಇಕ್ಕೇರಿ, ಕೆಳದಿಯ ಕಥೆ ಕೇಳದೆ ವಾಪಸು ಹೋಗುವಂತಿರಲಿಲ್ಲ.

ಮೈಸೂರಿನಲ್ಲಿ ಒಂದು ಮದುವೆ. ಗಂಡಿನ ಕಡೆಯ ಹಿರಿಯರೊಬ್ಬರು, "ನಿಮ್ಮ ಕಡೆ ಮಳೆ ಬಿಟ್ಟರೆ ಇನ್ನೇನಮ್ಮ ಇದೆ?" ಎಂದು ನಕ್ಕರು. ಅತ್ತೆ ಎಲೆಯಿಂದ ಕೈ ತೆಗೆದಳು.

"ಬಾದಶಹನಿಗೆ ಹೆದರಿ ಉಳಿದೋರು ಬಾಗಿಲು ಹಾಕ್ಕಂಡಾಗ ಶಿವಾಜಿ ಮಗನಿಗೆ ಆಶ್ರಯ ಕೊಟ್ಟಿದ್ದು ನಮ್ಮ ಕೆಳದಿ ರಾಣಿ. ಒಂದ್ಸಲ ಬನ್ನಿ, ನಾನೇ ತೋರಿಸ್ತೀನಿ."

ಆ ಬೇಸಿಗೆಯಲ್ಲಿ ಅವರು ಸಂಸಾರ ಸಮೇತ ಬಂದೇಬಿಟ್ಟರು. ಅತ್ತೆ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಸುತ್ತಿದಳು. ಇಕ್ಕೇರಿ ದೇವಸ್ಥಾನದ ನಂದಿಯ ಎದುರು ಆ ಹಿರಿಯರು ಕತ್ತೆತ್ತಿ ನೋಡುತ್ತಾ ನಿಂತೇಬಿಟ್ಟಿದ್ದನ್ನು ವರ್ಷಗಟ್ಟಲೆ ಹೇಳಿಕೊಂಡು ಖುಷಿಪಟ್ಟಳು.

ಹೊರಗಿನವರ ಜೊತೆ ವಾದ ಸುಲಭ. ಒಮ್ಮೆ ಅವಳು ಸ್ವಂತ ತಮ್ಮನನ್ನೇ ಎದುರು ಹಾಕಿಕೊಳ್ಳಬೇಕಾಯಿತು. ಕೆಳದಿ ಅರಸರ ಹಳೇ ಕೋಟೆಯಿರುವ ನಗರ ಎಂಬ ಊರಿನಲ್ಲಿ ನಾವು ಹೊಸ ಮನೆ ಕಟ್ಟಿಸಿದಾಗ, ಆ ಕೋಟೆಯ ಬುಡದಲ್ಲಿ ಉರುಳಿಬಿದ್ದಿದ್ದ ಚಪ್ಪಡಿಗಳನ್ನು ಅಪ್ಪ ತಂದು ಬಾಗಿಲ ಮುಂದೆ ಮೆಟ್ಟಿಲು ಮಾಡಿಸಿದ್ದ. ಗೃಹಪ್ರವೇಶದ ದಿನ ಅತ್ತೆ ಅಂಗಳದಲ್ಲೇ ನಿಂತಳು.

"ಇದು ಕೋಟೆ ಕಲ್ಲಲ್ವನಾ?"

"ಅಲ್ಲಿ ಸುಮ್ನೆ ಬಿದ್ದಿತ್ತಲ್ಲೇ ಅಕ್ಕಾ."

"ಬಿದ್ದಿದ್ರೂ ಅದರ ಜಾಗದಲ್ಲಿ ಬಿದ್ದಿತ್ತು. ಇದನ್ನ ತುಳಿದು ನಾನು ಒಳಗೆ ಬರಲ್ಲ."

ಅಪ್ಪನ ಮುಖ ಕಪ್ಪಿಟ್ಟಿತು. ನೆಂಟರೆಲ್ಲ ನೋಡುತ್ತಿದ್ದರು. ಅಮ್ಮ ಕೈಹಿಡಿದು ಕರೆದರೂ ಅತ್ತೆ ಬರಲಿಲ್ಲ. ಚಪ್ಪರದಡಿ ಊಟ ಮುಗಿಸಿ, ನನಗೆ ತಾನೇ ಹೊಲಿದ ಲಂಗ ಕೊಟ್ಟು ಬಸ್ಸು ಹತ್ತಿದಳು. ಅಕ್ಕತಮ್ಮಂದಿರ ಮಾತು ನಿಂತುಹೋಯಿತು. ಮಳೆಗಾಲವೆಲ್ಲ ಅಪ್ಪ ಆ ಮೆಟ್ಟಿಲು ಇಳಿಯುವಾಗ ತಲೆ ತಗ್ಗಿಸುತ್ತಿದ್ದ. ದೀಪಾವಳಿ ಹತ್ತಿರ ಬಂದಾಗ ಯಾರೂ ಹೇಳದೆ ಪಿಕಪ್ ತರಿಸಿ ಕಲ್ಲುಗಳನ್ನು ಕೋಟೆಗೆ ಒಯ್ದು ಇಳಿಸಿಬಂದ. ಆಮೇಲೆ ಅಕ್ಕನಿಗೆ ಫೋನ್ ಮಾಡಿ, "ಹಬ್ಬಕ್ಕೆ ಬಾರೇ" ಎಂದಷ್ಟೇ ಹೇಳಿದ. ಆ ಹಬ್ಬಕ್ಕೆ ಅತ್ತೆ ಮೊದಲ ಸಲ ನಮ್ಮ ಮನೆಯೊಳಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು.

ಹೋದ ವರ್ಷ ತೀರ್ಥಹಳ್ಳಿ ಕಡೆ ಹೋಗುವಾಗ ಅವಳನ್ನು ಕೆಳದಿಯವರದೇ ಬೆಟ್ಟದ ಕೋಟೆ ಕವಲೇದುರ್ಗಕ್ಕೆ ಕರೆದೊಯ್ದೆ. ಮಂಡಿನೋವಿಗೆ ಹತ್ತಲಾಗದೆ ಕೆಳಗೇ ಕೂತಳು. ನಾನು ಹತ್ತಿಳಿದು ಬರುವಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಅವಳನ್ನು ಸುತ್ತುವರಿದಿದ್ದರು. ಕಥೆ ಅರ್ಧದಲ್ಲಿದ್ದಾಗ ಮೇಷ್ಟರು ಮಕ್ಕಳನ್ನು ಕೋಟೆ ಹತ್ತಲು ಹೊರಡಿಸಿದರು.

"ಪೂರ್ತಿ ಹೇಳೋಕೆ ಬಿಡ್ಲಿಲ್ಲಲ್ಲ ಅತ್ತೆ," ಎಂದೆ.

"ಇರ್ಲಿ ಬಿಡೇ. ಉಳಿದಿದ್ದನ್ನ ಮೇಲೆ ಹೋಗಿ ನೋಡ್ತಾವೆ."

ಕೊನೆಯ ಮಗು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಾರು ಹತ್ತಲಿಲ್ಲ. ಅವಳು ತೀರಿಕೊಳ್ಳುವ ಮೊದಲು ನಾನು ಅವಳನ್ನು ನೋಡಿದ್ದು ಆ ದಿನವೇ ಕೊನೆ.