ಅರ್ಜಿಯಲ್ಲಿ ಬರೆದ ಒಂದು ‘ಇಲ್ಲ’

ತಂಗಿಯನ್ನು ಬೇಸಿಗೆ ಶಿಬಿರಕ್ಕೆ ಸೇರಿಸುವಾಗ ಹೇಳಬೇಕಾಗಿದ್ದ ಮಾತನ್ನು ನಾನು ಮುಚ್ಚಿಟ್ಟೆ. ಸಿದ್ದಾಪುರದ ಗುಡ್ಡದ ಹತ್ತಿರ ಎರಡು ರಾತ್ರಿ ಡೇರೆಯಲ್ಲಿದ್ದು ಹಕ್ಕಿ, ಗಿಡ ನೋಡುವ ಶಿಬಿರ ಅದು. ಅವ್ವ ತೀರಿಕೊಂಡ ಮೇಲೆ ಮಂಕಾಗಿದ್ದ ಎಂಟು ವರ್ಷದ ಓಬಮ್ಮ ನಾಲ್ಕು ಮಕ್ಕಳ ಜೊತೆ ನಗಲಿ ಎಂದು ನಾನೇ ಆರಿಸಿದ್ದೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅರ್ಜಿಯನ್ನು ಅಕ್ಷರ ಕೂಡಿಸಿ ಓದಿದೆ. ಪಕ್ಕದಲ್ಲಿ ಅವಳೂ ಇದ್ದಳು. ‘ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುವ ಅಭ್ಯಾಸವಿದೆಯೇ?’ ಎಂಬ ಪ್ರಶ್ನೆಗೆ ಹೌದು ಎಂದರೆ ಸೇರಿಸಿಕೊಳ್ಳಲಾರರೇನೋ ಎಂದು ಹೆದರಿ ‘ಇಲ್ಲ’ ಎಂದು ಬರೆದೆ.

ಮೂರನೇ ದಿನ ಕರೆತರಲು ಹೋದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. ಚಳ್ಳಕೆರೆಯ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೆ. ಕಿವಿಯಲ್ಲಿ ಹೇಳಿದಳು:

“ಹಾಸಿಗೆ ಒದ್ದೆ ಮಾಡ್ಲಿಲ್ಲ ಕಣಕ್ಕ. ಎರಡು ರಾತ್ರೀನೂ ಕುಂತೇ ಇದ್ದೆ.”

“ಮೇಡಂಗೆ ಹೇಳಬಾರದಿತ್ತೇನೇ?”

“ನೀನು ಇಲ್ಲ ಅಂತ ಬರ್ದಿದ್ಯಲ್ಲ. ಹೇಳಿದ್ರೆ ನಿನ್ನ ಬೈತಿದ್ರು.”

ಅಷ್ಟು ಹೇಳಿ ಅಲ್ಲೇ ನಿದ್ದೆ ಹೋದಳು. ಸ್ವಲ್ಪ ಹೊತ್ತಿಗೆ ನನ್ನ ಸೀರೆ ಬೆಚ್ಚಗೆ ಒದ್ದೆಯಾಯಿತು. ನಾನು ಅಲುಗಾಡಲಿಲ್ಲ.

ನಮ್ಮ ಊರು ಬಂದಾಗ ಎಚ್ಚರಗೊಂಡು, ಸೀರೆ ನೋಡಿ ಅವಳು ತಲೆ ತಗ್ಗಿಸಿದಳು. ಬಸ್ಸಿನ ಜನರೆಲ್ಲ ಕೇಳುವಂತೆಯೇ ಹೇಳಿದೆ: “ನಿಂದೇನೂ ಇಲ್ಲವ್ವ. ಸುಳ್ಳು ಬರೆದೋಳು ನಾನು. ನಂದೇ ತಪ್ಪಾತು.”