ಗೋಡೆ ಬಡಿದರೂ ನಿಲ್ಲಿಸದವನು

ನನ್ನ ಅಣ್ಣ ಲಿನ್ವಲ್ ಟಲ್ಲಕ್ ದೊಡ್ಡ ಮನುಷ್ಯ. ಹಾಗಂತ ಅವನೇ ಹೇಳುತ್ತಾನೆ, ಆದ್ದರಿಂದ ನಿಜವೇ ಇರಬೇಕು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಅಕೀ ಹಾಲ್‌ನಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ರಾತ್ರಿ ಹಾಡು ಹಾಕುವವನು ಅವನೇ, ಮೂವತ್ತೆಂಟು ವರ್ಷದಿಂದ. ಅದೇ ಹಾಲ್‌ನ ಅಡುಗೆಮನೆ, ಬಾರು ಎರಡನ್ನೂ ನೋಡಿಕೊಳ್ಳುವವಳು ನಾನು, ಪರ್ಲೀನ್, ಮೂವತ್ತೊಂದು ವರ್ಷದಿಂದ. ಅವನ ಫೋಟೊಗೆ ಕಟ್ಟು ಹಾಕಿಸಿ ಬಾಗಿಲ ಬಳಿ ತೂಗುಹಾಕಿದ್ದಾರೆ. ನನಗೆ ಒಂದು ಒಳ್ಳೆಯ ಸೌಟು ಕೊಡಿಸಿದ್ದಾರೆ.

ಅಕೀ ಹಾಲ್ ಅಂದರೆ ಒಂದು ಕಾಲದ ಉಣ್ಣೆ ಗಿರಣಿಯ ಗೋದಾಮು. ಸೋಮವಾರ ಘಾನಾದವರು ಮಕ್ಕಳಿಗೆ ಡೋಲು ಕಲಿಸುತ್ತಾರೆ. ಗುರುವಾರ ಮುದುಕರು ಡಾಮಿನೊ ಬಿಲ್ಲೆ ಕುಕ್ಕಿ ಆಡುತ್ತಾ ಮೇಜು ಮುರಿಯುತ್ತಾರೆ. ಶುಕ್ರವಾರ ನೈಜೀರಿಯಾದವರ ಯಾವುದೋ ಮಗುವಿನ ನಾಮಕರಣ. ಆ ಮಗುವೊಂದು ನಿದ್ದೆ ಮಾಡುತ್ತಿರುತ್ತದೆ, ಉಳಿದ ನಾನೂರು ಜನ ಕುಣಿಯುತ್ತಿರುತ್ತಾರೆ. ಶನಿವಾರ ನಮ್ಮ ಜಮೈಕಾದವರದು. ಕುಣಿಯಲು ಎಲ್ಲರೂ ಬರುತ್ತಾರೆ, ನನ್ನ ಮೇಕೆ ಸಾರು ತಿನ್ನಲು ಎಲ್ಲರೂ ಬರುತ್ತಾರೆ. ಕೊನೆಗೆ ಕುರ್ಚಿ ಎತ್ತಿಡಿ ಅಂದರೆ ಮಾತ್ರ ಜಮೈಕಾ, ಘಾನಾ, ನೈಜೀರಿಯಾ ಮೂರೂ ಕಡೆಯವರಿಗೆ ಒಟ್ಟಿಗೇ ಸೊಂಟ ಹಿಡಿದುಕೊಳ್ಳುತ್ತದೆ.

ಈ ದೇಶಕ್ಕೆ ಬಂದಾಗ ಲಿನ್ವಲ್‌ಗೆ ಒಂಬತ್ತು ವರ್ಷ, ನನಗೆ ನಾಲ್ಕು. ಹದಿನಾರಕ್ಕೆ ಅವನು ಗಿರಣಿ ಸೇರಿದ. ಹಗಲೆಲ್ಲಾ ಮಗ್ಗದ ಗದ್ದಲ. ಅದು ಸಾಲದು ಎಂದು ರಾತ್ರಿ ಸ್ಪೀಕರ್ ಪೆಟ್ಟಿಗೆ ಕಟ್ಟಲು ಶುರುಮಾಡಿದ. ಮೊದಲ ಪೆಟ್ಟಿಗೆ ಅಮ್ಮನ ಬಟ್ಟೆ ಬೀರುವಿನ ಮರದ್ದು. ಅಮ್ಮ ಭಾನುವಾರ ಚರ್ಚಿಗೆ ಹೊರಟಾಗ ಅವಳ ಟೋಪಿಗಳು ಆಲೂಗಡ್ಡೆ ಚೀಲದಲ್ಲಿ ಸಿಕ್ಕವು. ಪೆಟ್ಟಿಗೆ ಒಂದಿದ್ದದ್ದು ಎಂಟಾಯಿತು, ಆಳಿಗಿಂತ ಎತ್ತರವಾಯಿತು, ಅದಕ್ಕೆ ‘ಎಂಪರರ್ ಜೆರಿಕೊ’ ಎಂಬ ಹೆಸರೂ ಬಂತು. ಬೈಬಲಿನಲ್ಲಿ ಜೆರಿಕೊ ಎಂಬ ಊರಿನ ಕೋಟೆ ಬರೀ ಕಹಳೆಯ ಸದ್ದಿಗೆ ಕುಸಿದು ಬಿತ್ತಂತೆ. ನಮ್ಮಲ್ಲಿ ಕೋಟೆಯೇನೂ ಬೀಳಲಿಲ್ಲ, ಅವನ ಹೆಂಡತಿ ಎದ್ದು ಹೋದಳು. “ಈ ಮನೇಲಿ ಒಂದೋ ನಾನಿರ್ಬೇಕು, ಇಲ್ಲಾ ಆ ಪೆಟ್ಟಿಗೆಗಳು” ಅಂದಳಂತೆ. ನನ್ನ ಅಣ್ಣ ಯೋಚಿಸಿ, “ಶನಿವಾರ ಮಾತ್ರ ಹೋಗ್ಬೇಡ ಕಣೇ, ವ್ಯಾನು ನನಗೆ ಬೇಕು” ಅಂದನಂತೆ. ಅವಳು ಮಂಗಳವಾರ ಹೋದಳು.

ಇರಲಿ. ನಮ್ಮ ಶನಿವಾರಕ್ಕೆ ಒಂದು ಕಟ್ಟಳೆ ಇದೆ. ಹಾಡಿನ ಮೊದಲ ಸಾಲಿಗೇ ಜನರ ಮೈ ಜುಮ್ಮೆಂದರೆ ಅವರು ಗೋಡೆ ಬಡಿಯುತ್ತಾರೆ. ಬಡಿದರೆಂದರೆ ಹಾಡು ಹಾಕುವವನು ತಿರುಗುವ ಹಾಡಿನ ಪ್ಲೇಟು ನಿಲ್ಲಿಸಿ, ಹಿಂದಕ್ಕೆ ಎಳೆದು, ಮೊದಲಿನಿಂದ ಹಾಕಬೇಕು. ಇದನ್ನು ಯಾರೂ ಕಾನೂನು ಮಾಡಿಟ್ಟಿಲ್ಲ. ಮಾಡಿದ್ದರೆ ನಮ್ಮವರು ಪಾಲಿಸುತ್ತಲೂ ಇರಲಿಲ್ಲ. ಎಷ್ಟು ಸಲ ಗೋಡೆ ಬಡಿದರು ಎನ್ನುವುದೇ ಹಾಡು ಹಾಕುವವನಿಗೆ ಮಾನ, ಬಡಿದಾಗ ಅವನು ನಿಲ್ಲಿಸುವುದೇ ಜನಕ್ಕೆ ಮಾನ. ಈ ಲೇವಾದೇವಿಯಲ್ಲಿ ಲಿನ್ವಲ್ ಮೂವತ್ತೇಳು ವರ್ಷ ಒಮ್ಮೆಯೂ ತಪ್ಪಿದವನಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ನನ್ನ ಅಡುಗೆಮನೆಯ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ನಾನು ಮೀನು ಕರಿಯುತ್ತಿದ್ದೆ.

“ಅಣ್ಣಾ, ಬಾಣಲೆಗೆ ಬೆಂಕಿ ಹತ್ಕೊಂತು! ಆ ಮುಚ್ಚಳ ಕೊಡೋ!”

“ಹ್ಞೂಂ,” ಅಂದ ಹೊರಗೆ ನೋಡುತ್ತಲೇ. “ಖಾರ ಇನ್ನೊಂಚೂರು ಬೀಳ್ಲಿ.”

ಬೆಂಕಿ ಆರಿಸಿ, ಅವನ ಕಾಲರು ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. “ಯಾವಾಗಿಂದ?” ಅಂದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

“ಎರಡು ವರ್ಷ ಆಯ್ತು ಕಡಿಮೆಯಾಗ್ತಾ. ಈಗ ಪೂರ್ತಿ ಹೋಯ್ತು. ಎದುರಿಗೆ ನಿಂತು ಮಾತಾಡು, ಗೊತ್ತಾಗುತ್ತೆ.”

“ಡಾಕ್ಟರು ಕಿವಿಗೆ ಮಿಷನ್ ಕೊಡ್ಲಿಲ್ವಾ?”

“ಕೊಟ್ರು. ಹಾಕ್ಕೊಂಡ್ರೆ ಹಾಡು ತಗಡು ಬಡಿದಂಗೆ ಕೇಳುತ್ತೆ. ಆ ದರಿದ್ರ ಯಾರಿಗೆ ಬೇಕು?”

“ಮತ್ತೆ ಶನಿವಾರ ಹೆಂಗೆ ಮಾಡ್ತೀಯೋ ಮಹಾನುಭಾವ?”

“ಪ್ಲೇಟೆಲ್ಲಾ ತಲೇಲಿದೆ. ಕುಣಿಯೋರ ಕಾಲು ಕಣ್ಣಿಗೆ ಕಾಣ್ತವೆ. ಹಾಡಿನ ಗುಡುಗು ಪಾದಕ್ಕೆ ಬರುತ್ತೆ. ಗೋಡೆ ಬಡಿದ್ರೆ ಬೆನ್ನಿಗೆ ಬರುತ್ತೆ.”

ಹಾಲ್‌ನ ಗೋಡೆಗೆಲ್ಲಾ ಹಳೇ ಕಾಲದ ಹಲಗೆ ಹೊಡೆದಿತ್ತು. ಒಂದು ಮೂಲೆಯಲ್ಲಿ ಬಡಿದರೆ ಇನ್ನೊಂದು ಮೂಲೆ ನಡುಗುತ್ತಿತ್ತು. ಇವನು ಹಲಗೆಗೆ ಬೆನ್ನು ಆನಿಸಿ ನಿಲ್ಲುತ್ತಿದ್ದ. ಠೀವಿಗೆ ನಿಲ್ಲುತ್ತಾನೆ ಅಂದುಕೊಂಡಿದ್ದೆವು ನಾವು. ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ನಮ್ಮಣ್ಣನಿಗೆ ಗೋಡೆಯೇ ಕಿವಿ. ಯಾರಿಗೂ ಹೇಳುವುದಿಲ್ಲ ಎಂದು ಅಮ್ಮನ ಪ್ರಾರ್ಥನೆ ಪುಸ್ತಕದ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿಕೊಂಡ.

ಹೋದ ವರ್ಷ ಹಾಲ್‌ಗೆ ಎಬುನ್ ಎಂಬ ಹೊಸ ಮೇಲ್ವಿಚಾರಕಿ ಬಂದಳು. ನೈಜೀರಿಯಾದವರ ಮಗಳು, ಓದಿದವಳು, ಬಹಳ ಒಳ್ಳೆಯವಳು. ಕೆಟ್ಟವರಾದರೆ ನಾವು ಹುಷಾರಾಗಿರುತ್ತೇವೆ, ಒಳ್ಳೆಯವರ ಹತ್ತಿರ ಏನು ಮಾಡುವುದು? ಪಕ್ಕದಲ್ಲಿ ಹೊಸದಾಗಿ ಎದ್ದ ಫ್ಲಾಟುಗಳಿಗೆ ಬಂದವರು ಸದ್ದು ಜಾಸ್ತಿ ಎಂದು ದೂರು ಕೊಟ್ಟರು. ಮೂವತ್ತೆಂಟು ವರ್ಷದಿಂದ ಇಲ್ಲೇ ಇರುವ ಸದ್ದು, ಆರು ತಿಂಗಳ ಹಿಂದೆ ಬಂದವರ ನಿದ್ದೆ. ತಪ್ಪು ಯಾರದು ಹೇಳಿ, ಸದ್ದಿನದೇ! ಎಬುನ್ ಎಲ್ಲೆಲ್ಲೋ ಅರ್ಜಿ ಹಾಕಿ, ನಾಲ್ಕೂ ಗೋಡೆಗೆ ಹಾಸಿಗೆಯಷ್ಟು ದಪ್ಪದ ಮೆತ್ತೆ ಹೊಡೆಸಿದಳು. ನೇರಳೆ ಬಣ್ಣದ್ದು.

“ಹೇಗಿದೆ ಆಂಟಿ?” ಅಂದಳು.

“ಚೆನ್ನಾಗಿದೆ ಮಗಳೇ. ಇನ್ಮೇಲೆ ಕುಡಿದು ಗೋಡೆಗೆ ಗುದ್ದಿದ್ರೂ ಗಾಯ ಆಗಲ್ಲ.”

ಅಷ್ಟು ಚುರುಕಾಗಿ ಮಾತಾಡಿದ ನನಗೇ ಬುದ್ಧಿ ಓಡಲಿಲ್ಲ ನೋಡಿ. ಮೊದಲ ಶನಿವಾರ ಮುಗಿದ ಮೇಲೆ ಅಣ್ಣ ಬಂದು, “ಜನ ತಣ್ಣಗಾಗ್ಬಿಟ್ರು ಕಣೇ, ಒಂದೇ ಒಂದು ಸಲ ಗೋಡೆ ಬಡೀಲಿಲ್ಲ. ವಯಸ್ಸಾಯ್ತು ಪಾಪ” ಅಂದ. ಒಳಗೆ ಪಾತ್ರೆ ತೊಳೆಯುತ್ತಿದ್ದ ನಾನು ಹೌದಿರಬೇಕು ಅಂದುಕೊಂಡೆ.

ಮುಂದಿನ ತಿಂಗಳ ಶನಿವಾರ ಗ್ವೆನ್ನೆತ್‌ಳ ಎಪ್ಪತ್ತನೆಯ ಹುಟ್ಟುಹಬ್ಬ. ಗ್ವೆನ್ನೆತ್ ನನ್ನ ಗೆಳತಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಮಂಡಿ ಎರಡೂ ಕೆಟ್ಟಿದ್ದರೂ ಚಿನ್ನದ ಬಣ್ಣದ ಎತ್ತರದ ಚಪ್ಪಲಿ ಬಿಟ್ಟವಳಲ್ಲ. ತೀರಿಹೋದ ಗಂಡನ ಜೊತೆ ಮದುವೆಯ ದಿನ ಕುಣಿದ ಹಾಡನ್ನು ಅವಳು ಕೇಳಿದ್ದಳು. ಅಣ್ಣ ಹಾಕಿದ. ಮೊದಲ ಸಾಲಿಗೇ ಅರವತ್ತು ಜನ ಒಟ್ಟಿಗೆ ಗೋಡೆ ಬಡಿದರು. ಧೂಳು ಕೊಡವಲು ಹಾಸಿಗೆ ಬಡಿದ ಹಾಗೆ ಧಪ್ ಧಪ್ ಎಂದಿತು, ಅಷ್ಟೇ. “ಹಿಂದಕ್ಕೆ ಎಳಿಯೋ ಲಿನ್ವಲ್!” ಎಂದು ಕೂಗಿದರು. ಗೋಡೆಯ ಕಡೆ ಕತ್ತಲು. ಅವನು ನೋಡುತ್ತಿದ್ದದ್ದು ಕಾಲುಗಳನ್ನು. ಗ್ವೆನ್ನೆತ್ ಕೈಬಳೆ ಮುರಿಯುವಷ್ಟು ಬಡಿದಳು. ಅವನು ತಲೆದೂಗುತ್ತಾ ಹಾಡನ್ನು ಕೊನೆವರೆಗೆ ಓಡಿಸಿ, ಮುಂದಿನದನ್ನು ಹಾಕಿದ. ಗ್ವೆನ್ನೆತ್ ಕೇಕು ಕತ್ತರಿಸದೆ ಮನೆಗೆ ಹೋದಳು. ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿ, ಬಡಿಸದೆ ಮುಂದೆ ಹೋದ ಹಾಗೆ ಇದು. ಅದೂ ಹುಟ್ಟುಹಬ್ಬದ ದಿನ, ಅದೂ ಆ ಹಾಡಿಗೆ.

ಬೆಳಿಗ್ಗೆ ಅಣ್ಣನ ಮನೆಗೆ ಹೋಗಿ ಎದುರಿಗೆ ನಿಂತು ಹೇಳಿದೆ.

“ಬಡಿದ್ರಾ?” ಅಂದ. “ಎಷ್ಟು ಜನ?”

“ಎಲ್ಲಾರೂ. ಆ ಹಾಳು ಮೆತ್ತೆ ಅಡ್ಡ ಬಂತು. ಹೋಗಿ ನಿಜ ಹೇಳ್ಬಿಡು ಅಣ್ಣಾ.”

“ಬೇಡ.”

“ಜಂಬದ ಕೋಳಿ ಅಂತ ಊರೆಲ್ಲಾ ಬೈತಿದೆ.”

“ಬೈಲಿ. ಜಂಬದವನನ್ನ ಬೈತಾರೆ, ಆದ್ರೆ ಪ್ಲೇಟು ಕಿತ್ಕೊಳ್ಳಲ್ಲ. ಕಿವುಡ ಅಂತ ಗೊತ್ತಾದ್ರೆ ಕುರ್ಚಿ ಕೊಟ್ಟು, ಕಾಲ ಮೇಲೆ ಶಾಲು ಹೊದಿಸಿ, ಮೂಲೇಲಿ ಕೂರಿಸ್ತಾರೆ. ಆ ಶನಿವಾರ ಬಿಟ್ರೆ ನಂಗೇನಿದೆ ಪರ್ಲೀ?”

ಇಷ್ಟು ವರ್ಷದಲ್ಲಿ ಅವನು ನನ್ನೆದುರು ಸಣ್ಣವನಾಗಿ ಮಾತಾಡಿದ್ದು ಅದೊಂದೇ ಸಲ.

ಬುಧವಾರ ಸಂಜೆ ಮಹಡಿಯ ಮೇಲಿನ ಕೋಣೆಯಲ್ಲಿ ಸಮಿತಿ ಸೇರಿತು. ಅಧ್ಯಕ್ಷರು ಘಾನಾದ ಬೊನ್ಸು ಮೇಷ್ಟ್ರು, ಗಣಿತ ಕಲಿಸಿ ನಿವೃತ್ತರಾದವರು. ಅವರು ‘ಚಿಕ್ಕದಾಗಿ ಹೇಳ್ತೀನಿ’ ಅಂದರೆ ನಾನು ಅನ್ನಕ್ಕೆ ಇಟ್ಟು ಬರುತ್ತೇನೆ. ಒಂದು ಬದಿಗೆ ಎಬುನ್, ಇನ್ನೊಂದು ಬದಿಗೆ ಗ್ವೆನ್ನೆತ್. ಎದುರಿಗೆ ಒಂದೇ ಒಂದು ಕುರ್ಚಿಯಲ್ಲಿ ಲಿನ್ವಲ್. ಅವನ ಬೆನ್ನ ಹಿಂದೆ ಟೀ ಪಾತ್ರೆ ಹಿಡಿದು ನಾನು. ಟೀ ಮೇಲೆ ಸಿಟ್ಟು ಇಟ್ಟುಕೊಳ್ಳುವಂತಿಲ್ಲವಲ್ಲ, ಎಲ್ಲರೂ ಕುಡಿದರು.

“ಎಪ್ಪತ್ತು ವರ್ಷಕ್ಕೆ ಒಂದು ಹಾಡು ಕೇಳ್ದೆ,” ಅಂದಳು ಗ್ವೆನ್ನೆತ್. “ಎರಡನೇ ಸಲ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?”

ಲಿನ್ವಲ್ ಅವಳ ತುಟಿ ನೋಡಿದ. “ಯಾವ ಹಾಡು ಎಷ್ಟು ಸಲ ಅನ್ನೋದು ನನಗೆ ಬಿಟ್ಟಿದ್ದು,” ಅಂದ.

“ನೋಡಿದ್ರಾ ಮೇಷ್ಟ್ರೇ, ಕೊಬ್ಬು!”

“ಅಂಕಲ್, ಒಂದು ಮಾತು ಕ್ಷಮಿಸಿ ಅಂದ್ಬಿಡಿ, ಮುಗಿದೋಯ್ತು,” ಎಂದು ಎಬುನ್ ಬೇಡಿಕೊಂಡಳು.

ಬೊನ್ಸು ಮೇಷ್ಟ್ರು ಕನ್ನಡಕ ತೆಗೆದರು. “ಬ್ರದರ್ ಲಿನ್ವಲ್, ನಿಮ್ಮ ಕ್ಷಮೆ ನನಗೆ ಬೇಡ. ಒಂದು ಮಾತು ಕೊಡಿ ಸಾಕು. ಇನ್ಮುಂದೆ ಜನ ಗೋಡೆ ಬಡಿದಾಗ ನಿಲ್ಲಿಸ್ತೀನಿ ಅಂತ. ಆಗಲ್ಲ ಅಂದ್ರೆ ಬೇರೆಯವರಿಗೆ ಬಿಟ್ಕೊಡಿ.”

ಕ್ಷಮೆ ಕೇಳಿದ್ದರೆ ಅವನಿಗೆ ಖರ್ಚೇನಿರಲಿಲ್ಲ. ಆದರೆ ಈ ಮಾತು ಕೊಟ್ಟು ಉಳಿಸಿಕೊಳ್ಳಲು ಅವನ ಕೈಲಿ ಆಗುತ್ತಿರಲಿಲ್ಲ, ಸುಳ್ಳು ಮಾತು ಕೊಡುವ ಜಾಯಮಾನವೂ ಅವನದಲ್ಲ. ಜೇಬಿಗೆ ಕೈ ಹಾಕಿ, ಪೆಟ್ಟಿಗೆಗಳ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ.

ಅಮ್ಮನ ಆಣೆ ಅಲ್ಲಿಗೆ ಮುಗಿಯಿತು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಅವನಿಗೆ ಕಿವಿ ಕೇಳ್ಸಲ್ಲಾರೀ!” ಅಂದೆ, ಅವನ ಬೆನ್ನ ಹಿಂದಿನಿಂದ, ಜೋರಾಗಿಯೇ. “ನಾಲ್ಕು ವರ್ಷದಿಂದ ಒಂದಕ್ಷರ ಕೇಳ್ಸಲ್ಲ! ಹಲಗೆ ನಡುಗಿದ್ರೆ ಬೆನ್ನಿಗೆ ಗೊತ್ತಾಗ್ತಿತ್ತು. ನೀವು ಅದ್ರ ಮೇಲೆ ಹಾಸಿಗೆ ಹೊಡೆಸಿದ್ರಿ. ಜಂಬ ಅಲ್ಲ ಅದು. ಹೇಳ್ಕೊಳ್ಳೋಕೆ ಆಗ್ದೆ ಸಾಯ್ತಿದ್ದಾನೆ ಕಣ್ರೀ!”

ಮೂವರೂ ನನ್ನನ್ನೇ ನೋಡಿದರು. ಎಬುನ್ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇವರೆಲ್ಲಾ ತನ್ನ ಹೆಗಲಾಚೆ ಏನು ನೋಡುತ್ತಿದ್ದಾರೆ ಎಂದು ಲಿನ್ವಲ್ ತಿರುಗಿದ.

“ಏನಂದೆ?”

“ಟೀ ಇನ್ನೊಂಚೂರು ಹಾಕ್ಲಾ ಅಂದೆ.”

“ಅದನ್ನ ಕೇಳೋಕೆ ಇದೇನಾ ಹೊತ್ತು? ಬುದ್ಧಿ ಇಲ್ವಾ ನಿಂಗೆ?” ಎಂದು ಗದರಿ ಮತ್ತೆ ಆ ಕಡೆ ತಿರುಗಿ ಕೂತ.

ಬೊನ್ಸು ಮೇಷ್ಟ್ರು ಭಾಷಣವಿಲ್ಲದೆ ಸಭೆ ಮುಗಿಸಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಬೀಗದ ಕೈಯನ್ನು ಮೇಜಿನ ಮೇಲೆ ಮೆಲ್ಲಗೆ ಲಿನ್ವಲ್ ಕಡೆಗೆ ತಳ್ಳಿದರು. “ಇಟ್ಕೊಳ್ಳಿ ಬ್ರದರ್. ನಿಮ್ಮ ಹತ್ರ ಮಾತಾಡಿ ಗೆದ್ದವರು ಯಾರಿದ್ದಾರೆ?” ಅಂದರು. ಗ್ವೆನ್ನೆತ್ ಟೀ ಕಪ್ಪು ಕೆಳಗಿಟ್ಟಳು. ನರ್ಸಾಗಿದ್ದವಳು, ನಲವತ್ತು ವರ್ಷ ಬೇರೆಯವರ ಕಿವಿ, ಕಣ್ಣು ನೋಡಿಕೊಂಡು, ಪಕ್ಕದ ಬೀದಿಯವನದು ತಿಳಿಯಲಿಲ್ಲವಲ್ಲ ಎಂದು ಅವಳ ಮುಖದಲ್ಲೇ ಬರೆದಿತ್ತು.

ಮೆಟ್ಟಿಲಿಳಿಯುತ್ತಾ ಅಣ್ಣ ಎದೆಯುಬ್ಬಿಸಿ, “ನೋಡ್ದ್ಯಾ? ಬಗ್ಗಲಿಲ್ಲ ಅಂದ್ರೆ ಅವ್ರೇ ಬಗ್ತಾರೆ” ಅಂದ. ಹೌದಣ್ಣಾ ಅಂದೆ.

ಮತ್ತೆ ತಿಂಗಳ ಕೊನೆಯ ಶನಿವಾರ ಬಂದಾಗ ಹಾಲ್ ಎಂದಿಗಿಂತ ಹೆಚ್ಚು ತುಂಬಿತ್ತು. ಯಾರು ಯಾರಿಗೆ ಹೇಳಿದರೋ, ಏನು ಹೇಳಿದರೋ ನನಗೆ ಗೊತ್ತಿಲ್ಲ. ನಮ್ಮವರ ಹೊಟ್ಟೆಯಲ್ಲಿ ಒಂದು ಗುಟ್ಟು ಇದ್ದದ್ದು ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ಅವತ್ತು ಕಂಡೆ. ಅಣ್ಣ ಗ್ವೆನ್ನೆತ್‌ಳ ಹಾಡು ಹಾಕಿದ. ಮೊದಲ ಸಾಲು ಬಂತು. ಒಬ್ಬರೂ ಗೋಡೆ ಮುಟ್ಟಲಿಲ್ಲ. ಗ್ವೆನ್ನೆತ್ ಚಿನ್ನದ ಚಪ್ಪಲಿಯಲ್ಲಿ ಇಡೀ ಹಾಲ್ ದಾಟಿಕೊಂಡು ಹೋಗಿ, ಅವನ ಮೇಜಿನ ಮೇಲೆ ಅಂಗೈಯಿಂದ ಫಟೀರನೆ ಬಡಿದಳು. ಅವನು ಬೆಚ್ಚಿ ತಲೆಯೆತ್ತಿದ. ಪ್ಲೇಟು ನಿಲ್ಲಿಸಿದ, ಹಿಂದಕ್ಕೆ ಎಳೆದ. ಹಾಲ್‌ಗೆ ಹಾಲೇ ಕೂಗಿತು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಮೇಜಿಗೇ ಬಂದು ಬಡಿದರು: ಡಾಮಿನೊ ಮುದುಕರು ಬಂದರು, ಎಬುನ್ ಬಂದಳು, ಬೊನ್ಸು ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು ಬಂದು ಲೆಕ್ಕಕ್ಕೆ ಸರಿಯಾಗಿ ಮೂರು ಸಲ ಬಡಿದರು. ಗ್ವೆನ್ನೆತ್ ಒಬ್ಬಳೇ ಹನ್ನೊಂದು ಸಲ ಹೋಗಿಬಂದಳು.

ನಾನು ಬಾರಿನ ಹಿಂದೆ ನಿಂತು ಅತ್ತೆ. ಈರುಳ್ಳಿ ಹೆಚ್ಚುತ್ತಿರಲಿಲ್ಲ, ಸುಮ್ಮನೆ ಅತ್ತೆ.

ನಡುವೆ ಬಿಡುವು ಮಾಡಿಕೊಂಡು ಅಣ್ಣ ಬಾರಿಗೆ ಬಂದ. ಬೆವರು ಸುರಿಯುತ್ತಿತ್ತು, ಮುಖದಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ಗ್ವೆನ್ನೆತ್ ಆ ಕಡೆ ತಿರುಗಿ, ಚಪ್ಪಲಿ ಬಿಚ್ಚಿಟ್ಟು, ಊದಿದ ಮಂಡಿಗೆ ಮಂಜುಗಡ್ಡೆ ಒತ್ತಿಕೊಳ್ಳುತ್ತಿದ್ದಳು. ಅವನು ನನ್ನ ಕಡೆ ಬಗ್ಗಿ ಪಿಸುಗುಟ್ಟಿದ. ಕಿವುಡರ ಪಿಸುಮಾತು ಎಷ್ಟಿರುತ್ತದೋ ಅಷ್ಟು ಜೋರಾಗಿ.

“ನೋಡಿದ್ಯಾ ಪರ್ಲೀ? ಇಷ್ಟು ವರ್ಷ ದೂರದಲ್ಲಿ ನಿಂತು ಗೋಡೆ ಬಡೀತಿದ್ರು. ಒಂದ್ಸಲ ಬಿಗಿಯಾಗಿದ್ದಕ್ಕೆ ಈಗ ನನ್ನ ಮೇಜಿಗೇ ಬಂದು ಬೇಡ್ತಾರೆ. ಅದ್ರಲ್ಲೂ ಈ ಗ್ವೆನ್ನೆತ್! ಹನ್ನೊಂದು ಸಲ ಬಂದ್ಲು. ಅವಳಿಗೆ ನನ್ನ ಮೇಲೆ ಕಣ್ಣು ಬಿದ್ದಿದೆ ಕಣೇ. ಆದ್ರೆ ಹೇಳ್ಬಿಡು, ನಾನು ಅಷ್ಟು ಸುಲಭಕ್ಕೆ ಸಿಗೋನಲ್ಲ ಅಂತ.”

ಗ್ಲಾಸು ಖಾಲಿ ಮಾಡಿ, ಮೀಸೆ ಒರೆಸಿಕೊಂಡು, ತನ್ನ ಪ್ಲೇಟುಗಳ ಹತ್ತಿರ ಹೋದ. ಗ್ವೆನ್ನೆತ್ ಹಲ್ಲು ಕಚ್ಚಿಕೊಂಡಿದ್ದಳು.

“ಈ ವಯಸ್ಸಲ್ಲಿ ಇಂಥ ಮಾತು ಕೇಳಿಸ್ಕೋಬೇಕಾಯ್ತಲ್ಲೇ,” ಅಂದಳು.

“ಬೈದು ಬಿಡಲಾ?”

“ಸುಮ್ನಿರು.”

ಆ ಕಡೆ ಹೊಸ ಹಾಡು ಶುರುವಾಯಿತು. ಮೊದಲ ಸಾಲಿಗೇ ಜನ ಹೋ ಎಂದರು. ಅಣ್ಣ ತಲೆ ಬಗ್ಗಿಸಿ ಕಾಲುಗಳನ್ನು ನೋಡುತ್ತಿದ್ದ. ಗ್ವೆನ್ನೆತ್ ಮಂಜುಗಡ್ಡೆ ಪಕ್ಕಕ್ಕಿಟ್ಟು ಚಪ್ಪಲಿಗೆ ಕಾಲು ತೂರಿಸಿದಳು.

“ಏಳೋಕಾಗ್ತಿಲ್ಲ ಪರ್ಲೀ, ಕೈ ಕೊಡು,” ಅಂದಳು. “ಬೇಗ, ಹಾಡು ಮುಂದೆ ಹೋಗ್ತಿದೆ.”