ಕಲ್ಲುಬೆಂಚಿನ ಕಾಯಿದೆ

ಆ ಕಾಯಿದೆ ಮಾಡಿದವನು ನಾನೇ. ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ಸಾಕ್ಷಿಗೆ ವಕೀಲನೇ ಇದ್ದಾನೆ.

ಪುಣೆಯ ಕೋಥರೂಡದಲ್ಲಿ ನಮ್ಮ ಸೊಸಾಯ್ಟಿಯ ಎದುರು ಒಂದು ಸಣ್ಣ ಉದ್ಯಾನವಿದೆ. ಅಲ್ಲಿಯ ಕಲ್ಲುಬೆಂಚಿನ ಮೇಲೆ ನಾವು ಮೂವರು ಮುದುಕರು ದಿನಾ ಬೆಳಿಗ್ಗೆ ಕೂಡುತ್ತಿದ್ದೆವು. ನಾನು ಧಾರವಾಡದವನು, ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆದು ನಿವೃತ್ತನಾದವನು. ಇನ್ನೊಬ್ಬ ಬೆಳಗಾವಿಯ ವಕೀಲ. ಕೋರ್ಟು ಬಿಟ್ಟಿದ್ದಾನೆ, ವಾದ ಬಿಟ್ಟಿಲ್ಲ. ಮೂರನೆಯವನು ಗೋಕಾಕದವನು. ಹುಡುಗರಾಗಿ ಪುಣೆಗೆ ಬಂದಾಗ ಮೂವರೂ ಒಂದೇ ಖೋಲಿಯಲ್ಲಿ ಒಂದೇ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡವರು. ಗೋಕಾಕದವನು ಮುಂದೆ ಮರಾಠಿ ಹುಡುಗಿಯನ್ನು ಮದುವೆಯಾದ, ಮರಾಠಿಯಲ್ಲೇ ಸಂಸಾರ ಮಾಡಿದ, ಗಣಪತಿ ಹಬ್ಬದ ಮರಾಠಿ ನಾಟಕಗಳಲ್ಲಿ ಪಾತ್ರ ಮಾಡಿ ಮರಾಠಿಗರಿಂದಲೇ ಚಪ್ಪಾಳೆ ಗಿಟ್ಟಿಸಿದ. ಅವನ ಮನೆಯಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ.

ಇಷ್ಟು ವರ್ಷದಲ್ಲಿ ನಮ್ಮ ಮಾತು ಪೂರಾ ಖಿಚಡಿಯಾಗಿತ್ತು. ಒಂದು ವಾಕ್ಯದಲ್ಲಿ ಕ್ರಿಯಾಪದ ಮಾತ್ರ ಕನ್ನಡ ಉಳಿದಿರುತ್ತಿತ್ತು. ನನಗೆ ಒಂದು ದಿನ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಎಲ್ಲರಿಗೂ ಗೊತ್ತು. "ಇವತ್ತಿನಿಂದ ಈ ಬೆಂಚಿನ ಮ್ಯಾಲೆ ಬರೇ ಕನ್ನಡ. ಯಾರ ಬಾಯಾಗ ಮರಾಠಿ ಬಂತೋ ಅವರು ಉದ್ಯಾನಕ್ಕ ಒಂದು ಸುತ್ತು ಹಾಕಿ ಬರಬೇಕು" ಎಂದೆ. ವಕೀಲ ತಕ್ಷಣ ಒಪ್ಪಿದ. ಹಿಡಿಯುವವರೂ ಸಿಕ್ಕಿಬೀಳುವವರೂ ಇರುವ ಆಟ ಅವನಿಗೆ ಬಹಳ ಇಷ್ಟ.

ಎಲ್ಲರಿಗಿಂತ ಹೆಚ್ಚು ಸುತ್ತು ಹಾಕಿದವನು ಗೋಕಾಕದವನೇ. ಪಾಪ, ಒಂದು ಕತೆ ಹೇಳಿ ಮುಗಿಸುವುದರೊಳಗೆ ಮೂರು ಸಲ ಎದ್ದು ಹೋಗಬೇಕಾಗುತ್ತಿತ್ತು. ದೂರದಿಂದಲೇ ಕತೆ ಮುಂದುವರಿಸುತ್ತ ಬರುತ್ತಿದ್ದ, ಗುಲಮೊಹರದ ಹತ್ತಿರ ಬರುವಾಗ ಮತ್ತೊಂದು ಮರಾಠಿ ಮಾತು ಹಾರಿಸಿ ಅಲ್ಲಿಂದಲೇ ಹಿಂದೆ ತಿರುಗುತ್ತಿದ್ದ. ನಕ್ಕು ನಕ್ಕು ನಮ್ಮ ಹೊಟ್ಟೆ ನೋಯುತ್ತಿತ್ತು.

ದೀಪಾವಳಿಯ ಸುಮಾರಿಗೆ ಅವನ ಸುತ್ತುಗಳು ಕಡಿಮೆಯಾದವು. ಸಂಕ್ರಾಂತಿಯ ಹೊತ್ತಿಗೆ ನಿಂತೇ ಹೋದವು. ಒಂದು ತಿಂಗಳು ಒಂದೂ ಮರಾಠಿ ಶಬ್ದವಿಲ್ಲ! ನಾವು ಸಂಭ್ರಮಪಟ್ಟೆವು. ನಾನು ನನ್ನ ಮಫ್ಲರನ್ನೇ ಶಾಲಿನಂತೆ ಹೊದಿಸಿ ಸನ್ಮಾನ ಮಾಡಿದೆ. ವಕೀಲ ಎರಡು ಮಾತಾಡಿದ. ಗೋಕಾಕದವನು ಕೈ ಜೋಡಿಸಿ ಎಲ್ಲವನ್ನೂ ಕೇಳಿಸಿಕೊಂಡ. "ಯಾರಿಗೆ ಇದು?" ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದ. ಮೊದಲಿಂದಲೂ ನಾಟಕದವನು, ವಿನಯ ನಟಿಸುತ್ತಿದ್ದಾನೆ ಎಂದುಕೊಂಡೆ.

ನಮ್ಮ ಮಾತಿನ ವಿಷಯ ಹೆಚ್ಚಾಗಿ ಒಂದೇ: ಕಾಲ ಕೆಟ್ಟಿತು, ಊರು ಕೆಟ್ಟಿತು. ಹಳೆಯ ಬಂಗಲೆಗಳನ್ನು ಕೆಡವಿ ಹನ್ನೆರಡು ಮಹಡಿ ಎಬ್ಬಿಸುತ್ತಿದ್ದಾರೆ. ಮೆಟ್ರೊ ಕಂಬಗಳು ಬಂದ ಮೇಲೆ ರಸ್ತೆ ದಾಟುವ ಜಾಗವೇ ತಿಳಿಯುವುದಿಲ್ಲ. ಕಾಯಿಪಲ್ಲೆ ಫೋನಿನಲ್ಲಿ ಬರುತ್ತದೆ, ಮಾರುವವಳ ಮುಖ ಗೊತ್ತಿಲ್ಲ.

"ಈ ಓಣಿ ನನಗ ಗುರ್ತ ಸಿಗವಲ್ತು," ಎಂದ ಗೋಕಾಕದವನು ಒಂದು ಬೆಳಿಗ್ಗೆ.

"ಯಾರಿಗೆ ಸಿಗ್ತದ ಹೇಳು! ಭಾಳ ಬದಲಾಗ್ಯದ," ಎಂದ ವಕೀಲ.

"ಎಲ್ಲಾ ಹೊಸಾ ಮಂದಿ ಅನಸ್ತದ. ಮನ್ಯಾಗ ಸೈತ."

"ನಮ್ಮ ಮನ್ಯಾಗೂ ಹಂಗ ಅದ. ಮೊಮ್ಮಕ್ಕಳು ಮೊಬೈಲ್‌ನಿಂದ ಮಾರಿ ಎತ್ತಂಗಿಲ್ಲ," ಎಂದೆ ನಾನು.

ಅವನು ಹೇಳಿದ್ದು ಕಾಲದ ಬಗ್ಗೆ ಅಲ್ಲ ಎಂದು ಈಗ ತಿಳಿಯುತ್ತದೆ. ಅವನು ತನ್ನ ಕಷ್ಟವನ್ನು ನಮ್ಮೆದುರು ಬಿಚ್ಚಿಟ್ಟಿದ್ದ. ನಾವು ಅದಕ್ಕೆ ಹೌದು ಹೌದು ಎಂದು ತಲೆಯಾಡಿಸಿ, ನಮ್ಮ ಮೊಮ್ಮಕ್ಕಳ ಪುರಾಣ ಹಚ್ಚಿದೆವು.

ಇನ್ನೊಂದು ದಿನ ಸೊಸಾಯ್ಟಿಯ ವಾಚ್‌ಮನ್ ಬೆಂಚಿನ ಹತ್ತಿರ ಬಂದು, ಕಾಕಾ, ನಿಮ್ಮ ಚಪ್ಪಲಿ ಗೇಟಿನಲ್ಲೇ ಉಳಿದಿವೆ, ಬರಿಗಾಲಲ್ಲಿ ಬಂದಿದ್ದೀರಿ ಎಂದು ಮರಾಠಿಯಲ್ಲಿ ಹೇಳಿದ. ಗೋಕಾಕದವನು ಅವನ ತುಟಿಗಳನ್ನೇ ನೋಡಿದ. ಆಮೇಲೆ ನನ್ನ ತೋಳು ಹಿಡಿದು, "ಏನಂತಾನ ಅಂವ?" ಎಂದ.

ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಕಾಯಿದೆ ಪಾಲಿಸುವುದೆಂದರೆ ಹೀಗೆ, ಮರಾಠಿ ಆಡುವುದಿರಲಿ, ತಿಳಿದುಕೊಳ್ಳುವುದನ್ನೂ ಬಿಟ್ಟಿದ್ದಾನೆ ಎಂದು ವಕೀಲ ಹೊಗಳಿದ. ಗೋಕಾಕದವನ ಬೆರಳುಗಳು ನನ್ನ ತೋಳನ್ನು ಬಿಡಲಿಲ್ಲ. ಕಣ್ಣಿನಲ್ಲಿ ಹೆದರಿಕೆ ಇತ್ತು, ನಾನು ನೋಡಿದೆ. ನೋಡಿಯೂ ನಕ್ಕೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಮುಂದಿನ ವಾರ ನಾಲ್ಕು ದಿನ ಅವನು ಬರಲಿಲ್ಲ. ಐದನೆಯ ದಿನ ಅವನ ಹೆಂಡತಿ ಒಬ್ಬರೇ ಬಂದರು. ಮನೆಯಲ್ಲಿ ಮಗ ಕೂತಿದ್ದಾನೆ, ಅವನು ಆಫೀಸಿಗೆ ಹೊರಡುವುದರೊಳಗೆ ಹಿಂದಿರುಗಬೇಕು ಎಂದು ಮರಾಠಿಯಲ್ಲೇ ಹೇಳಿ, ಬೆಂಚಿನ ತುದಿಯಲ್ಲಿ ಕೂತರು. ನನ್ನನ್ನು ಅವರು ಭಾವೋಜಿ ಎಂದು ಕರೆಯುತ್ತಾರೆ.

"ಭಾವೋಜಿ, ನನ್ನ ಮೇಲೆ ಅವರಿಗೆ ಏನು ಸಿಟ್ಟು? ನಿಮಗೇನಾದರೂ ಹೇಳಿದ್ದಾರೆಯೇ? ಎಷ್ಟೋ ದಿನದಿಂದ ನನ್ನ ಜೊತೆ ಒಂದು ಮಾತು ಮರಾಠಿಯಲ್ಲಿ ಆಡಿಲ್ಲ. ಮೊದಲು ನಿಮ್ಮ ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದಾರೆ ಎಂದು ನಾವೂ ನಕ್ಕೆವು. ಸೋಮವಾರ ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ. ಅದಕ್ಕೆ ಮೊದಲು ಇದೊಂದನ್ನು ತಿಳಿಸಿ ಹೇಳಿ. ದಿನಾ ಸಂಜೆ ಬಾಗಿಲ ಹತ್ತಿರ ನಿಂತು ಇದನ್ನೇ ಹೇಳುತ್ತಾರೆ."

ಮೊಬೈಲ್ ತೆಗೆದು, ರೆಕಾರ್ಡು ಮಾಡಿಟ್ಟಿದ್ದನ್ನು ಹಚ್ಚಿದರು. ಅವನ ಧ್ವನಿ ಕೇಳಿತು, ಪರರ ಮನೆಯಲ್ಲಿ ಮಾತಾಡುವಾಗಿನ ಮರ್ಯಾದೆಯ ಧ್ವನಿ.

"ಬಾಯಾರ, ನೀವು ನನ್ನ ಭಾಳ ಛಲೋ ನೋಡ್ಕೊಂಡ್ರಿ. ನಿಮ್ಮ ಉಪಕಾರ ಮರೆಯಂಗಿಲ್ರಿ. ಇನ್ನ ನನಗ ಹೋಗ್ಲಿಕ್ಕೆ ಬಿಡ್ರಿ. ಹೊತ್ತು ಮುಣುಗ್ತದ. ಮನ್ಯಾಗ ನನ್ನ ಹೆಂಡ್ತಿ ಕಾಯ್ತಿರ್ತಾಳ."

ಅದರ ಹಿಂದೆಯೇ ಇವರದೇ ಧ್ವನಿ. ಅರ್ಥವಾಗದಿದ್ದರೂ ಸಮಾಧಾನಕ್ಕೆಂದು ಮರಾಠಿಯಲ್ಲಿ, ಆಗಲಿ, ಆಗಲಿ, ಎನ್ನುತ್ತಿದ್ದರು.

ವಕೀಲ ಮುಖ ತಿರುಗಿಸಿದ.

"ನೀವು ಅವನನ್ನು ಬಹಳ ಚೆನ್ನಾಗಿ ನೋಡಿಕೊಂಡಿದ್ದೀರಿ ಎನ್ನುತ್ತಾನೆ" ಎಂದೆ, ಮರಾಠಿಯಲ್ಲಿ.

"ಅಷ್ಟೇ ಅಲ್ಲ. ಹೆಂಡ್ತಿ ಎಂದರು. ಆ ಮಾತು ನನಗೆ ಗೊತ್ತು, ನಿಮ್ಮವರಿಗೆಲ್ಲ ನನ್ನನ್ನು ಹಾಗೇ ಪರಿಚಯ ಮಾಡಿಕೊಡುತ್ತಿದ್ದರು. ನನ್ನ ವಿಷಯ ಏನು ಹೇಳಿದರು?"

"ಹೆಂಡತಿ ಮನೆಯಲ್ಲಿ ಕಾಯುತ್ತಿರುತ್ತಾಳೆ ಎಂದ."

ಅವರ ಮುಖ ಅರಳಿತು. ಎಷ್ಟೋ ದಿನದ ಭಾರ ಇಳಿದವರಂತೆ ಉಸಿರು ಬಿಟ್ಟರು. "ನಾನೆಂಥ ಹುಚ್ಚಿ ನೋಡಿ! ನನ್ನ ಬಿಟ್ಟು ಹೋಗಲು ಹೊರಟಿದ್ದಾರೆಂದು ಹೆದರಿ ಸಂಜೆಯಾದರೆ ಬಾಗಿಲಿಗೆ ಬೀಗ ಹಾಕುತ್ತಿದ್ದೆ. ಇವತ್ತಿನಿಂದ ಹಾಕುವುದಿಲ್ಲ. ಕೆಳಗೆ ಹೋಗಿ ನಾಲ್ಕು ಹೆಜ್ಜೆ ನಡೆದು ಬರಲಿ" ಎಂದು ಎದ್ದರು.

ಅವರು ಗೇಟಿನವರೆಗೆ ಹೋದರು. ನಾನು ಕೂತೇ ಇದ್ದೆ. ಒಂದು ಸುಳ್ಳನ್ನೂ ಹೇಳಿಲ್ಲ ಎಂದು ನನಗೆ ನಾನೇ ವಾದ ಮಾಡಿಕೊಳ್ಳುತ್ತಿದ್ದೆ. ಗೇಟಿನ ಆಚೆ ಕರ್ವೆ ರಸ್ತೆಯ ಬಸ್ಸುಗಳ ಸದ್ದು ಕೇಳುತ್ತಿತ್ತು. "ಎದ್ದೇಳೋ, ಬೀಗ ಇಲ್ಲಂದ್ರ ಅಂವ ಹೊಂಟು ಹೋಗ್ತಾನ" ಎಂದ ವಕೀಲ.

ಓಡಿದೆ. ಈ ಮೊಣಕಾಲಿನಲ್ಲಿ ಎಷ್ಟು ಆಗುತ್ತದೋ ಅಷ್ಟು. ಗೇಟಿನ ಹತ್ತಿರ ಅವರನ್ನು ನಿಲ್ಲಿಸಿ, ಅವನು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಮರಾಠಿಯಲ್ಲಿ ಹೇಳಿದೆ, ಒಂದು ಅಕ್ಷರ ಬಿಡದೆ.

ಅವರು ಅಳಲಿಲ್ಲ. ರಸ್ತೆಯ ಕಡೆ ನೋಡಿದರು.

"ಹಾಗಾದರೆ ಆ ಹೆಂಡತಿ ಎಲ್ಲಿ ಕಾಯುತ್ತಿದ್ದಾಳಂತೆ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಅವರು ಸೆರಗಿನ ಗಂಟು ಬಿಚ್ಚಿ, ಬೀಗದ ಕೈ ಇದೆಯೋ ಇಲ್ಲವೋ ಎಂದು ನೋಡಿಕೊಂಡು, ಮತ್ತೆ ಬಿಗಿಯಾಗಿ ಗಂಟು ಹಾಕಿ ಮನೆಯ ಕಡೆ ನಡೆದರು.